ಕಾಟಾ ಖಾಲಿ ಬಿಡದ ಗಳಿಗೆ

ಯಂತ್ರಕ್ಕೆ ಕೊಟ್ಟ ಮೆಮೊರಿ ಈ ಸಲವೂ ವಾಪಸ್ ಬರದಿದ್ದರೆ ಏನು ಗತಿ? ಕಳೆದ ಟೆಂಡರ್ ದಿನದಿಂದ ಕಾವ್ಯಶ್ರೀಯ ತಲೆಯಲ್ಲಿ ಇದೊಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು. ಮಗುವಿನ ಬಟ್ಟೆ ಹಿಂಡುವಾಗ, ಅನ್ನವನ್ನು ಬೆರಳಲ್ಲಿ ಮೆತ್ತಗೆ ಮಾಡುವಾಗ, ಹಾಲಿನವನಿಗೆ ಪಾತ್ರೆ ಒಡ್ಡಿ ನಿಂತಾಗ, ಎಲ್ಲಿದ್ದರೂ ಅದು ಬೆನ್ನು ಬಿಡುತ್ತಿರಲಿಲ್ಲ. ಚಿಂತೆಗೆ ಅವಳೇನು ಹೊಸಬಳಲ್ಲ. ಎಂಟು ತಿಂಗಳ ಚೈತ್ರಾ ಸದ್ದಿಲ್ಲದೆ ಮಲಗಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳು ಹಿಡಿಯುವವಳು. ಸ್ವಲ್ಪ ಸದ್ದು ಮಾಡಿದರೆ ನೆಗಡಿಯಾಯಿತೇ ಎಂದು ಹಣೆ ಮುಟ್ಟುವವಳು. ಆದರೆ ಮಗುವಿನ ಚಿಂತೆಗೆ ಮನೆಯಲ್ಲಿ ಪಾಲುದಾರರಿದ್ದರು. ಈ ಚಿಂತೆಯನ್ನು ನ್ಯಾಮತಿಯ ಬಸ್ ನಿಲ್ದಾಣದ ರಸ್ತೆಯುದ್ದಕ್ಕೂ ಯಾರಿಗೆ ಹೇಳಿದರೂ, ಪಾಪ, ಇವಳಿಗೆ ನಿದ್ದೆ ಸಾಲದು ಅಂದುಕೊಳ್ಳುತ್ತಿದ್ದರು.

ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರ ಸಂಘವೊಂದಿದೆ. ಅದರ ಟೆಂಡರ್ ನಡೆಸುವ ಯಂತ್ರವನ್ನು ನೋಡಿಕೊಳ್ಳುವುದು ಅವಳ ಕೆಲಸ. ಟೆಂಡರ್ ದಿನ ಸಂಘದ ಅಂಗಳದಲ್ಲಿ ರೈತರ ಅಡಿಕೆ ರಾಶಿ ರಾಶಿಯಾಗಿ ಬಿದ್ದಿರುತ್ತದೆ. ವ್ಯಾಪಾರಿಗಳು ಒಂದೊಂದು ರಾಶಿಯನ್ನೂ ಕೈಯಲ್ಲಿ ಹಿಡಿದು, ಕಚ್ಚಿ, ಮೂಸಿ, ಆಮೇಲೆ ಮೊಬೈಲಿನಲ್ಲಿ ದರ ಹಾಕುತ್ತಾರೆ. ಮಧ್ಯಾಹ್ನ ಟೆಂಡರ್ ಮುಚ್ಚುತ್ತದೆ. ಆಮೇಲೆ ಒಂದು ಕಡೆ ಚೀಲಗಳ ತೂಕ, ಇನ್ನೊಂದು ಕಡೆ ಪಟ್ಟಿಯ ಕೆಲಸ: ಯಾರ ಮಾಲು ಯಾವ ದರಕ್ಕೆ ಯಾರಿಗೆ ಹೋಯಿತು ಎಂದು ಪ್ರತಿಯೊಬ್ಬ ರೈತನಿಗೂ ಒಂದು ಚೀಟಿ. ಅದು ಕೈಗೆ ಬಂದ ಮೇಲೆಯೇ ಅವರು ಎದ್ದು ಊರಿನ ಬಸ್ಸು ಹತ್ತುವುದು.

ಯಂತ್ರ ಒಂದೇ, ಸಂಘದ ಹಿಂದಿನ ಕೋಣೆಯಲ್ಲಿ ಗೋದ್ರೆಜ್ ಬೀರುವಿನ ಪಕ್ಕ ಗುಂಯ್‌ಗುಡುತ್ತ ನಿಂತ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಮಾತ್ರ ಎರಡು ಸಂಸಾರ. ಒಂದು ಟೆಂಡರ್ ನಡೆಸುತ್ತದೆ, ಇನ್ನೊಂದು ಪಟ್ಟಿ ಮಾಡುತ್ತದೆ. ಪ್ರತಿಯೊಂದೂ ತಾನೇ ಪೂರಾ ಯಂತ್ರ ಎಂದು ನಂಬಿಕೊಂಡಿದೆ. ಇಬ್ಬರಿಗೂ ಸಾಲುವಷ್ಟು ಮೆಮೊರಿ ಪೆಟ್ಟಿಗೆಯಲ್ಲಿಲ್ಲ. ಹಾಗಾಗಿ ಬೆಳಿಗ್ಗೆ ಟೆಂಡರಿನ ಕಡೆಗೆ ಒಂದು ದೊಡ್ಡ ತುಂಡು ಮೆಮೊರಿ ಜೋಡಿಸಿ ಕೊಡಬೇಕು, ಮಧ್ಯಾಹ್ನ ಅದನ್ನು ಬಿಡಿಸಿಕೊಂಡು ಪಟ್ಟಿಯ ಕಡೆಗೆ ಕೊಡಬೇಕು. ಇದೆಲ್ಲ ಯಂತ್ರ ನಡೆಯುತ್ತಿರುವಾಗಲೇ ಆಗಬೇಕು, ಒಂದು ಕ್ಷಣವೂ ಆರಿಸದೆ.

ಆರಿಸದೆ ಎನ್ನುವುದು ಸಂಘದ ಕಾರ್ಯದರ್ಶಿ ಪಂಚಾಕ್ಷರಪ್ಪನವರ ಹಟ. ಕಾವ್ಯಶ್ರೀ ಸೇರುವುದಕ್ಕೆ ಮೊದಲೊಮ್ಮೆ ಸುಗ್ಗಿಯ ನಡುವೆ ಯಂತ್ರ ಆರಿಸಿ ಹಚ್ಚಿದಾಗ ಯಾರದೋ ರಾಶಿಗೆ ಯಾರದೋ ದರ ಕೂತು, ಅಂಗಳದಲ್ಲಿ ಅಣ್ಣತಮ್ಮಂದಿರಂತಿದ್ದವರು ಕೊರಳಪಟ್ಟಿ ಹಿಡಿದುಕೊಂಡಿದ್ದರಂತೆ. ಅವತ್ತೇ ಅವರು ಎಲ್ಲರ ಎದುರು ಮಾತು ಕೊಟ್ಟಿದ್ದರು: ಇನ್ನು ಅಡಿಕೆ ಬರಲು ಶುರುವಾದ ಮೇಲೆ ಸುಗ್ಗಿಯ ಕೊನೆಯ ಚೀಲ ಹೋಗುವವರೆಗೆ ಈ ಪೆಟ್ಟಿಗೆ ಆರುವುದಿಲ್ಲ.

ಕಾವ್ಯಶ್ರೀ ದಾವಣಗೆರೆಯ ಹುಡುಗಿ. ಅಪ್ಪನದು ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ಇಂಗ್ಲಿಷ್ ಶಾಲೆ ಬಿಟ್ಟ ಮೇಲೆ ಸಂಜೆ ಅವಳು ಅಂಗಡಿಯ ಸ್ಟೂಲಿನ ಮೇಲೆ ಕೂತು, ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ತೆರೆಯುವುದನ್ನು ನೋಡುತ್ತಿದ್ದಳು. ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಗಡಿಯಾರ ನಿಲ್ಲಿಸುವುದು. ಓಡುತ್ತಿರುವಾಗಲೇ ಸರಿ ಮಾಡಬಾರದಾ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, ಓಡುವ ಬಸ್ಸಿನ ಗಾಲಿ ಬಿಚ್ಚುತ್ತಾರೇನೇ ಎಂದು ನಕ್ಕಿದ್ದರು. ಮುಂದೆ ಎಂಜಿನಿಯರಿಂಗ್ ಓದಿ, ಊರಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ, ಓಡುವ ಬಸ್ಸಿನ ಗಾಲಿ ಬಿಚ್ಚುವುದನ್ನು ಅವಳು ಕಣ್ಣಾರೆ ಕಂಡಳು.

ಅವತ್ತು ಕಂಡದ್ದನ್ನು ಅವಳು ಇವತ್ತಿಗೂ ಮರೆತಿಲ್ಲ. ಕರ್ನಲ್ ಎಂದರೆ ಯಂತ್ರದೊಳಗಿನ ಮನೆಯೊಡತಿ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವುದು ಅದರ ಹೊಣೆ. ಒಂದು ತುಂಡು ಮೆಮೊರಿ ಬಿಟ್ಟುಕೊಡು ಎಂದು ಅದಕ್ಕೆ ಹೇಳಿದಾಗ, ಆ ತುಂಡಿನಲ್ಲಿ ಎಷ್ಟೋ ಪ್ರೋಗ್ರಾಂಗಳು ಸಂಸಾರ ಹೂಡಿಕೊಂಡು ಕೆಲಸ ಮಾಡುತ್ತಲೇ ಇದ್ದವು. ಕರ್ನಲ್ ಮೊದಲು ಆ ಜಾಗಕ್ಕೆ ಹೊಸಬರು ಬರದಂತೆ ಬೇಲಿ ಹಾಕಿತು. ಆಮೇಲೆ ಒಂದೊಂದೇ ಪುಟವನ್ನು, ಎಂದರೆ ಮೆಮೊರಿಯ ಒಂದೊಂದು ಸಣ್ಣ ಚೂರನ್ನು, ಎತ್ತಿ, ಬೇರೆ ಕಡೆ ಇದ್ದದ್ದು ಇದ್ದ ಹಾಗೆ ಇಳಿಸಿ, ಆ ಪುಟ ಯಾರದೋ ಅವರ ಬಳಿಯಿದ್ದ ವಿಳಾಸವನ್ನು ತಿದ್ದಿ ಬರೆಯಿತು. ಆ ಕ್ಷಣಕ್ಕೆ ಪುಟವನ್ನು ಮುಟ್ಟಲು ಬಂದವರು ಬಾಗಿಲಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತರು. ಬಾಗಿಲು ತೆರೆದಾಗ ಒಳಗೆ ಎಲ್ಲವೂ ಇಟ್ಟಲ್ಲೇ ಇತ್ತು. ತಮ್ಮ ಮನೆ ಊರ ಇನ್ನೊಂದು ತುದಿಗೆ ಹೋಗಿದೆ ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಖಾಲಿ ತುಂಡು ಅಂಗೈ ಮೇಲಿಟ್ಟ ಹಾಗೆ ಹೊರಗೆ ಬಂತು. ಅವಳಿಗೆ ಮೈ ಜುಮ್ಮೆಂದಿತ್ತು. ಇದನ್ನು ಬರೆದವರು ಯಾರು ಎಂದು ಹುಡುಕಿಕೊಂಡು ಹೋದಾಗ, ಎಲ್ಲೆಲ್ಲಿಯವರೋ, ಒಬ್ಬರ ಮುಖ ಒಬ್ಬರು ನೋಡದವರು, ವರ್ಷಗಟ್ಟಲೆ ಒಬ್ಬರಿಗೊಬ್ಬರು ಪತ್ರ ಬರೆದು, ಜಗಳವಾಡಿ, ಒಪ್ಪಿ ಕಟ್ಟಿದ್ದು ಎಂದು ತಿಳಿಯಿತು. ಆ ಪತ್ರಗಳನ್ನು ಅವಳು ಉಳಿದವರು ಧಾರಾವಾಹಿ ನೋಡುವ ಹಾಗೆ ಓದುತ್ತಿದ್ದಳು.

ಮದುವೆಯಾದದ್ದು ಜಗಳೂರು ಕಡೆಯ ವಿನೋದನನ್ನು. ಅವನು ಭೂಮಾಪನ ಇಲಾಖೆಯವನು, ಹೊನ್ನಾಳಿಯಲ್ಲಿದ್ದವನಿಗೆ, ನ್ಯಾಮತಿ ಬೇರೆ ತಾಲ್ಲೂಕಾದ ಮೇಲೆ ಇಲ್ಲಿಗೆ ವರ್ಗವಾಯಿತು. ಕಡತಗಳೆಲ್ಲ ಹೊನ್ನಾಳಿಯಿಂದ ನ್ಯಾಮತಿಗೆ ಬರುವಾಗಲೂ ಜನ ಅರ್ಜಿ ಕೊಡುತ್ತಲೇ ಇದ್ದರಲ್ಲ, ನನ್ನ ಕರ್ನಲ್ ಮಾಡುವುದೂ ಅದೇ ಎಂದು ಅವಳು ಹೇಳಿದರೆ, ನಮಗೆ ಲಾರಿ ಬೇಕಾಗಿತ್ತು ಮಾರಾಯ್ತಿ, ನಿನ್ನದಕ್ಕೆ ಅದೂ ಬೇಡ ಎಂದು ಅವನು ಬೈಕು ಹತ್ತುತ್ತಿದ್ದ. ಗರ್ಭಿಣಿಯಾದಾಗ ದಾವಣಗೆರೆಯ ಕೆಲಸ ಬಿಟ್ಟಳು. ಹೆರಿಗೆಯಾದ ಮೇಲೆ ದಿನವೆಲ್ಲ ಹಾಲು, ಒದ್ದೆ ಬಟ್ಟೆ, ಥರ್ಮಾಮೀಟರ್. ತಾನೂ ಒಂದು ಕಾಲದಲ್ಲಿ ಏನನ್ನೋ ಬಲ್ಲವಳಾಗಿದ್ದೆ ಎನ್ನುವುದೇ ಮರೆತುಹೋಗುತ್ತಿದ್ದ ಹೊತ್ತಿನಲ್ಲಿ ಚನ್ನಗಿರಿ ಸಂಘದ ಕೆಲಸ ಸಿಕ್ಕಿತು: ಮನೆಯಿಂದಲೇ ನೋಡಿಕೊಳ್ಳಬಹುದು, ಬೇಕಾದಾಗ ಬಸ್ಸು ಹಿಡಿದು ಹೋದರಾಯಿತು. ಚೈತ್ರಾಳನ್ನು ಬಿಟ್ಟರೆ ತನ್ನದು ಅಂತ ಅವಳಿಗಿದ್ದದ್ದು ಅದೊಂದೇ.

ಮಗುವನ್ನು ನೋಡಿಕೊಳ್ಳಲು ಅತ್ತೆ ಕಸ್ತೂರಮ್ಮ ಜಗಳೂರಿನಿಂದ ಬಂದರು. ಮೊದಮೊದಲು ಕಾವ್ಯಶ್ರೀಗೆ ಅವರ ಕೈಗೆ ಮಗು ಕೊಡಲೂ ಭಯ. ಒಂದು ಮಧ್ಯಾಹ್ನ ಚೈತ್ರಾ ಅವರ ಮಡಿಲಲ್ಲಿ ನಿದ್ದೆ ಹೋದಳು. ಮುದುಕಿ ಮೊದಲು ಒಂದು ಅಂಗೈಯನ್ನು ಮಗುವಿನ ತಲೆಯ ಕೆಳಗೆ ತೂರಿಸಿದರು. ತಾವು ಗುನುಗುತ್ತಿದ್ದ ಪದವನ್ನು ನಿಲ್ಲಿಸಲಿಲ್ಲ. ಇನ್ನೊಂದು ಕೈಯಿಂದ ತಮ್ಮ ಸೆರಗಿನ ಬಿಸುಪನ್ನೂ ಮಗುವಿನ ಜೊತೆಗೇ ಸಾಗಿಸಿ, ತೊಟ್ಟಿಲಲ್ಲಿ ಇಳಿಸಿ, ತೊಟ್ಟಿಲಿನ ತೂಗಾಟ ತಮ್ಮ ತೊಡೆಯ ತೂಗಾಟಕ್ಕೆ ಸರಿಹೊಂದಿದ ಮೇಲೆಯೇ ಕೈ ತೆಗೆದರು. ಮಗುವಿನ ರೆಪ್ಪೆಯೂ ಅಲುಗಲಿಲ್ಲ. ಕಾವ್ಯಶ್ರೀ ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದಳು. ದಾವಣಗೆರೆಯಲ್ಲಿ ಪರದೆಯ ಮೇಲೆ ಕಂಡದ್ದೇ ಇಲ್ಲಿ ಸೀರೆಯುಟ್ಟು ಕೂತಿತ್ತು.

ಹೀಗೆ ಎಲ್ಲ ಸರಿಯಾಗೇ ಇದ್ದಾಗ ಆಯುಧ ಪೂಜೆ ಬಂತು. ತಪ್ಪಾದದ್ದು ಅವತ್ತೇ.

ಜೋಡಿಸಿದ ಮೆಮೊರಿಯನ್ನು ಕರ್ನಲ್ ಎರಡು ರೀತಿಯಲ್ಲಿ ಒಳಗೆ ಕರೆದುಕೊಳ್ಳಬಲ್ಲದು. ಒಂದು, ಇದು ನಾಳೆ ಹೋಗುವ ಜಾಗ ಎಂದು. ಆಗ ಎತ್ತಿ ಒಯ್ಯಬಹುದಾದ ಸಾಮಾನನ್ನು ಮಾತ್ರ ಅಲ್ಲಿಡುತ್ತದೆ. ಇನ್ನೊಂದು, ಇದು ಮನೆಯದೇ ಜಾಗ ಎಂದು. ಆಗ ನೆಲಕ್ಕೆ ನಾಟಿದ ಒರಳಿನಂಥ ಸಾಮಾನನ್ನೂ ಅಲ್ಲೇ ಇಟ್ಟುಬಿಡುತ್ತದೆ. ಕಾವ್ಯಶ್ರೀ ಯಾವಾಗಲೂ ಮೊದಲನೆಯ ರೀತಿಯಲ್ಲೇ ಸೇರಿಸುತ್ತಿದ್ದಳು. ಸಂಘದಲ್ಲಿ ಪೂಜೆಯ ದಿನ ಪೆಟ್ಟಿಗೆಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಎಲ್ಲ ಸಿದ್ಧ ಮಾಡಿದ ಮೇಲೆ ಪಂಚಾಕ್ಷರಪ್ಪನವರು ವಿಡಿಯೋ ಕಾಲಿನಲ್ಲಿ ಅವಳಿಗೆ ಹೇಳಿದರು: ಪೂಜೆ ಹೊತ್ತಿಗೆ ಎಲ್ಲ ಸಾಮಾನೂ ಹಚ್ಚಿರಬೇಕು, ಆ ತುಂಡೂ ಸೇರಿ. ಅದು ಆಮೇಲೆ ಬಿಡಿಸುವಂಥದ್ದು, ಹೋಗುವ ಜಾಗ ಅಂತಲೇ ಸೇರಿಸುತ್ತೇನೆ ಎಂದು ಅವಳು ವಿವರಿಸಹೋದಳು. ದೇವಿಯ ಮುಂದೆ ಹೋಗುವಂಥದ್ದು ಎಂದು ಏನನ್ನೂ ಇಡಬಾರದು, ಇವತ್ತಿನ ಮಟ್ಟಿಗೆ ಮನೆಯದು ಅಂತಲೇ ಸೇರಿಸಮ್ಮ ಎಂದರು. ಅವಳ ಮಡಿಲಲ್ಲಿ ಮಗು ಕೀಬೋರ್ಡಿಗೆ ಕೈ ಚಾಚುತ್ತಿತ್ತು. ಆ ಕಡೆ ಮಂಗಳಾರತಿಯ ಗಂಟೆ ಶುರುವಾಗಿತ್ತು. ಒಂದು ದಿನದ ಮಟ್ಟಿಗೆ ತಾನೆ ಎಂದು ಅವಳು ಹಾಗೇ ಸೇರಿಸಿದಳು.

ಆಮೇಲೆ ಕೆಲವು ವಾರ ಅಡಿಕೆ ಕಡಿಮೆ. ತುಂಡನ್ನು ಬಿಡಿಸುವ ಅಗತ್ಯವೇ ಬೀಳಲಿಲ್ಲ. ಕಾರ್ತಿಕದಲ್ಲಿ ಅಂಗಳ ತುಂಬಿತು. ಕಳೆದ ಟೆಂಡರಿನ ಮಧ್ಯಾಹ್ನ ಅವಳು ತುಂಡನ್ನು ವಾಪಸ್ ಕೇಳಿದಳು. ಕರ್ನಲ್ ಅದನ್ನು ಹೋಳು ಹೋಳಾಗಿ ಖಾಲಿ ಮಾಡುತ್ತ ಬಂದು, ಒಂದೇ ಒಂದು ಹೋಳಿನ ಬಳಿ ನಿಂತುಬಿಟ್ಟಿತು. ಬಿಡುವಿಲ್ಲ ಎಂದಿತು. ಮತ್ತೆ ಕೇಳಿದಳು, ಬಿಡುವಿಲ್ಲ. ಎಲ್ಲ ಹೋಳೂ ಖಾಲಿಯಾದರೆ ಮಾತ್ರ ತುಂಡು ಕಳಚಿ ಬರುವುದು. ಒಂದು ಉಳಿದರೂ ಇಡೀ ತುಂಡು ಅಲ್ಲೇ. ಪಟ್ಟಿಯ ಕಡೆಗೆ ಮೆಮೊರಿ ಸಾಲದೆ ಪ್ರಿಂಟರು ತೂಕಡಿಸತೊಡಗಿತು. ಕತ್ತಲಾದ ಮೇಲೆ ಪಟ್ಟಿ ಬಂತು. ಅಷ್ಟರಲ್ಲಿ ಹೊನ್ನಾಳಿ ಕಡೆಯ ಬಸ್ಸೂ ಹೋಗಿತ್ತು, ಜಗಳೂರಿನಷ್ಟು ದೂರದಿಂದ ಮಾಲು ತಂದಿದ್ದ ಇಬ್ಬರು ಚೀಲ ಹಾಸಿಕೊಂಡು ಅಂಗಳದಲ್ಲೇ ಮಲಗಿದರು.

ಮರುದಿನ ಪಂಚಾಕ್ಷರಪ್ಪನವರು ಫೋನಿನಲ್ಲಿ ದನಿಯೇನೂ ಏರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು.

“ನೋಡಮ್ಮ ಕಾವ್ಯ, ಪೆಟ್ಟಿಗೆ ಆರಿಸಾಕೆ ನಾನು ಬಿಡಲ್ಲ, ಮಾತು ಕೊಟ್ಟೀನಿ. ಮುಂದಿನ ಟೆಂಡರ್‌ಗೂ ಹಿಂಗೇ ಆದ್ರೆ ಕೈಯಾಗೆ ದರ ಬರೆದು ಡಬ್ಬಿಗೆ ಹಾಕೋ ಹಳೇ ಚೀಟಿ ಪದ್ಧತಿಗೆ ಹೋಗೋದೇ ಸೈ. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ರೈತ್ರು ಅಂಗಳದಾಗೆ ಮಲಗಬಾರ್ದು.”

ಚೀಟಿ ಪದ್ಧತಿಗೆ ಹೋದರೆ ಯಂತ್ರ ಬೇಡ, ಯಂತ್ರ ಬೇಡವಾದರೆ ಅವಳೂ ಬೇಡ. ಮನೆಯಲ್ಲಿ ಕೂತು ಮಗು ಆಡಿಸುತ್ತ ಅಡಿಕೆ ಮಾರುತ್ತಾಳಂತೆ ಎಂದು ಸಂಘದ ಕಟ್ಟೆಯ ಮೇಲೆ ಯಾರೋ ಅಂದದ್ದು ಮೊದಲೇ ಅವಳ ಕಿವಿಗೆ ಬಿದ್ದಿತ್ತು. ವಾರವಿಡೀ ಅವಳು ಹುಡುಕಿದಳು. ಮನೆಯದೆಂದು ಸೇರಿಸಿದ ಜಾಗದಲ್ಲಿ ಕರ್ನಲ್ ತನ್ನದೇ ಒರಳುಕಲ್ಲು ನಾಟಿಕೊಂಡಿರಬೇಕು, ಅದನ್ನು ಯಾರೂ ಅಲುಗಿಸಲಾರರು ಎಂದೇ ನಂಬಿಬಿಟ್ಟಿದ್ದಳು. ಮಗುವಿನ ಮೊದಲ ಹಲ್ಲು ಮೂಡಿದ್ದನ್ನು ಆ ವಾರ ಮೊದಲು ಕಂಡದ್ದು ಕಸ್ತೂರಮ್ಮ, ಅವಳಲ್ಲ.

ಟೆಂಡರಿನ ಬೆಳಿಗ್ಗೆ ಕಸ್ತೂರಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು, ಚೈತ್ರಾಳನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದರು. ಸೀಗೆಯ ನೊರೆ ಕಣ್ಣಿಗೆ ಹೋಯಿತೋ ಏನೋ, ಮಗು ಚೀರಿತು. ಕಾವ್ಯಶ್ರೀ ಓಡಿಬಂದು ಎರಡೂ ಕೈ ಚಾಚಿದಳು.

“ನೀರು ಬೀಳೋವಾಗ ಕೈ ಹಾಕಬ್ಯಾಡ ಕಣವ್ವ,” ಎಂದರು ಕಸ್ತೂರಮ್ಮ. “ನಾನು ಚೊಂಬು ಕೆಳಗಿಡತನಕ ತಡಿ. ಆಮೇಲೆ ಎತ್ತಿಕೊಂಡು ಹೋಗು, ಯಾರು ಬ್ಯಾಡ ಅಂತಾರೆ?”

ಚೊಂಬು ಕೆಳಗಿಟ್ಟರು. ಅವಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಒಳಗೆ ಬಂದು ನೋಡಿದರೆ ಅತ್ತೆ ಹೇಳಿದ ಹಾಗೆ ಕಣ್ಣಿಗೇನೂ ಆಗಿರಲಿಲ್ಲ. ಆದರೂ ಅವಳು ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು.

ಮಧ್ಯಾಹ್ನ ಟೆಂಡರ್ ಮುಚ್ಚಿತು. ಮಗು ತೊಟ್ಟಿಲಲ್ಲಿತ್ತು, ಕಸ್ತೂರಮ್ಮ ತೊಟ್ಟಿಲ ಹಗ್ಗ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಕಾವ್ಯಶ್ರೀ ಲ್ಯಾಪ್‌ಟಾಪಿನ ಮುಂದೆ ಕೂತು ತುಂಡನ್ನು ವಾಪಸ್ ಕೇಳಿದಳು. ಹೋಳುಗಳು ಒಂದೊಂದಾಗಿ ಖಾಲಿಯಾದವು. ಅಷ್ಟು ಭಯದ ನಡುವೆಯೂ ಅವಳಿಗೆ ಅದೇ ಹಳೆಯ ಬೆರಗು: ದರ ನೋಡುತ್ತಿರುವ ವ್ಯಾಪಾರಿ ನೋಡುತ್ತಲೇ ಇದ್ದಾನೆ, ಅವನು ನೋಡುತ್ತಿರುವ ಅಂಕಿ ಯಾವ ಜಾಗದಲ್ಲಿತ್ತೋ ಆ ಜಾಗವನ್ನೇ ಅವನ ಕೆಳಗಿನಿಂದ ಎತ್ತಿ ಒಯ್ಯಲಾಗಿದೆ, ಅವನ ಬೆರಳು ತಡವರಿಸಲಿಲ್ಲ. ಆಮೇಲೆ ಆ ಒಂದು ಹೋಳು. ಬಿಡುವಿಲ್ಲ.

ಕರ್ನಲ್ ಒಲ್ಲೆ ಎನ್ನುವಾಗ ಬರಿದೇ ಒಲ್ಲೆ ಎನ್ನುವುದಿಲ್ಲ. ಯಾವ ಪುಟಕ್ಕೆ ಸಿಕ್ಕಿಬಿದ್ದೆ ಎಂದು ಕೆಳಗೆ ಒಂದಿಷ್ಟು ಸಾಲು ಬರೆದಿಡುತ್ತದೆ. ವಾರವಿಡೀ ಆ ಸಾಲುಗಳ ಮೊದಲರ್ಧ ಓದಿ ಅವಳು ಕೈ ಚೆಲ್ಲುತ್ತಿದ್ದಳು. ಇವತ್ತು ಕೊನೆಯವರೆಗೂ ಓದಿದಳು. ಆ ಪುಟ ಕರ್ನಲ್‌ನದಲ್ಲ. ಯಾವುದೋ ಪ್ರೋಗ್ರಾಂನದು. ಎತ್ತಿ ಒಯ್ಯಬಹುದಾದದ್ದೇ. ಆದರೆ ಅದನ್ನು ಬಳಸುವವರು ಒಬ್ಬರೇ ಇದ್ದರೂ, ಹಿಡಿದ ಕೈಗಳು ಅದಕ್ಕಿಂತ ಹೆಚ್ಚು. ಕಾಣದ ಯಾರೋ ಆ ಪುಟವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ.

ಹಾಗೆ ಹಿಡಿಯುವವರು ಯಾರು? ಹೊರಗಿನ ಸಲಕರಣೆಯೊಂದು ಕರ್ನಲ್‌ನ ಕೈ ದಾಟಿ ನೇರವಾಗಿ ಮೆಮೊರಿಗೆ ಸುರಿಯುತ್ತಿದ್ದರೆ ಮಾತ್ರ ಹಾಗಾಗುತ್ತದೆ. ಪ್ರೋಗ್ರಾಂಗೆ ವಿಳಾಸ ತಿದ್ದಿ ಕೊಡಬಹುದು. ಸುರಿಯುವ ಸಲಕರಣೆಗೆ ತಿದ್ದಿದ ವಿಳಾಸ ಗೊತ್ತಾಗುವುದಿಲ್ಲ. ಅದು ಹಳೆಯ ಜಾಗಕ್ಕೇ ಸುರಿಯುತ್ತದೆ. ಅದಕ್ಕೇ ಸುರಿಯುವುದು ನಿಲ್ಲುವವರೆಗೆ ಕರ್ನಲ್ ಆ ಪುಟವನ್ನು ಮುಟ್ಟುವುದಿಲ್ಲ. ಟೆಂಡರಿನ ಕಡೆಗೆ ಅಂಥ ಸಲಕರಣೆ ಇರುವುದು ಒಂದೇ: ತೂಕಕ್ಕೆ ಬಿದ್ದ ಪ್ರತಿ ಚೀಲದ ಚಿತ್ರ ಹಿಡಿಯುವ ಕ್ಯಾಮೆರಾ. ಪೂಜೆಯ ದಿನ ಅದನ್ನೂ ಹೊಸದಾಗಿ ಹಚ್ಚಿ ಹೂ ಏರಿಸಿದ್ದರು. ಮನೆಯದೆಂದು ಸೇರಿದ ಜಾಗದಲ್ಲಿ ಅವತ್ತೇ ಅದು ಚಿತ್ರ ತುಂಬುವ ತನ್ನ ಪಾತ್ರೆ ಇಟ್ಟುಕೊಂಡಿತ್ತು.

ಒರಳುಕಲ್ಲಲ್ಲ. ಬಿಸಿನೀರಿನ ಕೆಳಗಿನ ಮಗು.

ಅವಳು ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತಳು. ವಾರವಿಡೀ ತಾನು ಬೈದುಕೊಂಡ ಆ ಕರ್ನಲ್, ಮಗುವಿನ ಮೇಲೆ ನೀರು ಬೀಳುವಾಗ ಕೈ ಹಾಕಲು ಒಪ್ಪದೆ ಕೂತಿತ್ತು. ಎಲ್ಲೋ ದೂರದ ಊರಿನಲ್ಲಿ ಯಾರೋ ಒಬ್ಬರು, ಚನ್ನಗಿರಿಯ ಹೆಸರನ್ನೇ ಕೇಳದವರು, ಇಲ್ಲಿಯ ತೂಕದ ಚಿತ್ರ ಕೆಡಬಾರದೆಂದು ಎಂದೋ ಯೋಚಿಸಿ ಬರೆದಿಟ್ಟಿದ್ದರು. ಅವರಿಗೆ ಕೈ ಮುಗಿಯಬೇಕು ಎನಿಸಿತು.

ಮಾಡಬೇಕಾದದ್ದು ಈಗ ಸರಳ. ಕ್ಯಾಮೆರಾದ ಪ್ರೋಗ್ರಾಂ ನಿಲ್ಲಿಸಬೇಕು, ಹೋಳು ಖಾಲಿಯಾಗುವವರೆಗೆ ತಡೆಯಬೇಕು, ಮತ್ತೆ ಹಚ್ಚಬೇಕು. ಆದರೆ ಆ ಹೊತ್ತಿನಲ್ಲಿ ಕಾಟಾದ ಮೇಲೆ, ಅಂದರೆ ತೂಕದ ತಕ್ಕಡಿಯ ಮೇಲೆ, ಚೀಲ ಬಿದ್ದರೆ ಅದಕ್ಕೆ ಚಿತ್ರವಿರುವುದಿಲ್ಲ. ಚಿತ್ರವಿಲ್ಲದ ತೂಕ ಸಂಘದಲ್ಲಿ ಲೆಕ್ಕಕ್ಕಿಲ್ಲ. ಆ ಚೀಲದ ರೈತ ಮತ್ತೆ ತೂಕಕ್ಕೆ ಕಾಯಬೇಕು, ವ್ಯಾಪಾರಿ ಅನುಮಾನದಿಂದ ನೋಡಬೇಕು. ಹಾಗಾದರೆ ಕಾಟಾ ಖಾಲಿ ಬಿಡಬೇಕು. ಅದು ಇನ್ನೂ ಕಷ್ಟ. ಕಾಟಾ ಮೂಕಪ್ಪನದು. ಹೆಸರಿಗೆ ಮೂಕಪ್ಪ, ಅಂಗಳದಲ್ಲಿ ಅವನದೇ ದೊಡ್ಡ ದನಿ. ಅವನು ಒಂದು ಎನ್ನುವುದಿಲ್ಲ, ‘ಲಾಭ’ ಎಂದು ಎಣಿಕೆ ಶುರು ಮಾಡಿ ಎರಡು, ಮೂರು ಎಂದು ಕೂಗುತ್ತ ಹೋದರೆ, ಒಂದು ಚೀಲ ಇಳಿಯುವ ಮೊದಲೇ ಇನ್ನೊಂದರ ಮೂಲೆ ಕಾಟಾದ ಮೇಲಿರಬೇಕು. ಟೆಂಡರ್ ದಿನ ಮೊದಲ ಚೀಲದಿಂದ ಕೊನೆಯ ಚೀಲದವರೆಗೆ ಕಾಟಾ ಖಾಲಿ ಬಿಡಬಾರದು, ಬಿಟ್ಟರೆ ಆ ವರ್ಷದ ಬರಕತ್ತು ಹೋಯಿತು ಎನ್ನುವುದು ಅವನ ನಂಬಿಕೆ. ಅವನ ನಂಬಿಕೆಯೇ ಸಂಘದ ಪದ್ಧತಿಯೂ ಆಗಿಬಿಟ್ಟಿತ್ತು.

ಕೇಳದೆಯೇ ನಿಲ್ಲಿಸಿಬಿಟ್ಟರೆ? ಹೆಚ್ಚೆಂದರೆ ಎರಡು ಮೂರು ಚೀಲ. ಯಾರಿಗೂ ತಿಳಿಯಲಿಕ್ಕಿಲ್ಲ. ಬೆರಳು ಕೀಲಿಯ ಮೇಲಿತ್ತು. ಆ ಮೂರು ಚೀಲ ಯಾರದಿರಬಹುದು ಎಂದು ಯೋಚನೆ ಬಂತು. ಕಳೆದ ಸಲ ಅಂಗಳದಲ್ಲಿ ಮಲಗಿದವರದೇ ಇರಬಹುದು. ಬೆರಳು ತೆಗೆದಳು.

ಫೋನ್ ಎತ್ತಿದಳು, ಇಟ್ಟಳು. ಏನೆಂದು ಹೇಳುವುದು? ನೀವು ದೇವಿಯ ಮುಂದೆ ಮಾಡಿಸಿದ್ದೇ ತಪ್ಪಾಯಿತು, ಈಗ ನಿಮ್ಮ ಕಾಟಾವನ್ನೂ ಖಾಲಿ ಬಿಡಿ ಎಂದೇ? ಅದೂ ನ್ಯಾಮತಿಯಲ್ಲಿ ಮನೆಯೊಳಗೆ ಕೂತವಳು. ಗಡಿಯಾ­ರದ ಮುಳ್ಳು ಬಸ್ಸಿನ ಹೊತ್ತಿನ ಕಡೆಗೆ ಜಾರುತ್ತಿತ್ತು. ತೊಟ್ಟಿಲ ಕಡೆ ನೋಡಿದಳು. ಕಸ್ತೂರಮ್ಮ ಅವರೆಕಾಯಿಯ ಮೇಲಿಂದ ಕಣ್ಣೆತ್ತಿ, ಇವಳ ಮುಖ ನೋಡಿ, ಏನಾದರೂ ಬಿಸಿ ಮಾಡಿಕೊಡಲೇ ಎಂದು ಕೇಳಿದರು. ಬೇಡ ಅತ್ತೆ ಎಂದಳು. ಪಂಚಾಕ್ಷರಪ್ಪನವರ ಹೆಸರು ಒತ್ತಿದಳು.

ಆ ಕಡೆ ಅಂಗಳದ ಗದ್ದಲ, ಅದರ ನಡುವೆ ಮೂಕಪ್ಪನ ಎಣಿಕೆ.

“ಸರ್, ಯಾಕೆ ಬಿಡ್ತಿಲ್ಲ ಅಂತ ಗೊತ್ತಾಯ್ತು. ಕ್ಯಾಮೆರಾ ಸರ್. ಪೂಜೆ ದಿನ ಮನೇದು ಅಂತ ಸೇರಿಸಿದ್ವಲ್ಲ, ಆ ಜಾಗಕ್ಕೇ ಅದು ಚಿತ್ರ ಸುರೀತಾ ಇದೆ. ಮಗೂಗೆ ನೀರು ಎರೀತಿರುವಾಗ ಎತ್ತಿಕೊಳ್ಳೋಕಾಗಲ್ಲ ನೋಡಿ, ಹಾಗೆ.”

ಪಂಚಾಕ್ಷರಪ್ಪನವರು ಅದನ್ನು ತಮ್ಮ ಅಡಿಕೆಯ ಲೆಕ್ಕಕ್ಕೆ ತಂದುಕೊಂಡರು.

“ಅಡಿಕೆ ಬೇಯಿಸಿದ ಹಂಡೆಯಿಂದ ಚೊಗರು ಬಗ್ಗಿಸೋವಾಗ ಕೆಳಗಿನ ಬಾನಿ ಎಳೀಬಾರ್ದು. ಹಂಗೆ?”

“ಹಾಗೇ ಸರ್.”

“ಪೂಜೆಗೆ ಹಂಗೆ ಮಾಡು ಅಂದೋನು ನಾನೇ ಅಲ್ಲೇನಮ್ಮ.”

“ಹೌದು ಸರ್. ಮಾಡಿದ್ದು ನಾನು.”

“ಸರಿ ಬಿಡು, ಇಬ್ರೂ ಸೇರೇ ಮಾಡೀವಿ. ಈಗೇನು ಮಾಡಬೇಕು?”

“ಕ್ಯಾಮೆರಾ ಒಂದು ಗಳಿಗೆ ಆರಿಸಬೇಕು. ಅಷ್ಟು ಹೊತ್ತು ಕಾಟಾ ಮೇಲೆ ಯಾರ ಚೀಲಾನೂ ಬೀಳಬಾರದು ಸರ್. ಖಾಲಿ ಬಿಡಬೇಕು.”

ಪಂಚಾಕ್ಷರಪ್ಪನವರು ಫೋನನ್ನು ಕಿವಿಯಿಂದ ತೆಗೆದು ಯಾರಿಗೋ ಏನೋ ಹೇಳಿದ್ದು ಅಸ್ಪಷ್ಟವಾಗಿ ಕೇಳಿಸಿತು. ಎಣಿಕೆ ನಿಂತಿತು. ಆಮೇಲೆ ಮೂಕಪ್ಪನ ದನಿ, ಫೋನಿನಿಂದ ಅಷ್ಟು ದೂರವಿದ್ದರೂ ನೆಟ್ಟಗೆ ಅವಳ ಕಿವಿಗೆ.

“ಖಾಲಿ ಬಿಡಾಕೆ ನಾನು ಸತ್ತರೂ ಒಪ್ಪಾಕಿಲ್ಲ ಯಜಮಾನ್ರೆ. ರೈತ್ರ ಚೀಲ ಬ್ಯಾಡ ಅಂದ್ರೆ ಬ್ಯಾಡ. ನೀವು ಹತ್ತಿ ನಿಂತ್ಕಳ್ರಿ. ನೀವೇನು ಯಾರಿಗೂ ಮಾರಾಟ ಆಗೋ ಮಾಲಲ್ಲ.”

ಅಂಗಳದಲ್ಲಿ ನಗೆಯೆದ್ದಿತು. ನಗೆಯ ನಡುವೆ ಚಪ್ಪಲಿ ಕಳಚಿದ ಸದ್ದು, ಕಬ್ಬಿಣದ ಹಲಗೆ ಕಿರುಗುಟ್ಟಿದ ಸದ್ದು.

“ಹತ್ತೀನಿ ಕಣಮ್ಮ,” ಎಂದರು ಪಂಚಾಕ್ಷರಪ್ಪನವರು ಗಂಭೀರವಾಗಿ. “ಬೇಗ ಮುಗಿಸು.”

ಕಾವ್ಯಶ್ರೀ ಕ್ಯಾಮೆರಾದ ಪ್ರೋಗ್ರಾಂ ನಿಲ್ಲಿಸಿದಳು. ಆ ಪುಟದ ಮೇಲಿನ ಕಾಣದ ಕೈ ಸಡಿಲವಾಯಿತು. ಮತ್ತೆ ಕೇಳಿದಳು. ಪರದೆಯ ಮೇಲೆ ಕರ್ಸರು ಮಿಟುಕಿಸುತ್ತ ನಿಂತಿತು, ಯಾರೋ ಮಲಗಿದ ಮಗುವಿನ ತಲೆಯ ಕೆಳಗೆ ಅಂಗೈ ತೂರಿಸುವಷ್ಟು ಹೊತ್ತು. ಚನ್ನಗಿರಿಯ ಅಂಗಳದಲ್ಲಿ ಅಷ್ಟು ಜನ, ಕಾಟಾದ ಮೇಲೆ ಬರಿಗಾಲಲ್ಲಿ ನಿಂತ ಒಬ್ಬ ಹಿರಿಯ, ಎಲ್ಲರೂ ತಾವು ಕಾಣದ ಒಂದು ಪುಟಕ್ಕಾಗಿ ಉಸಿರು ಬಿಗಿಹಿಡಿದಿದ್ದರು. ಕಸ್ತೂರಮ್ಮನೂ ಅವರೆಕಾಯಿ ಬಿಟ್ಟು ಇತ್ತ ನೋಡುತ್ತಿದ್ದರು. ತೊಟ್ಟಿಲು ಮಾತ್ರ ತೂಗುತ್ತಿತ್ತು.

ಹೋಳು ಖಾಲಿಯಾಯಿತು. ತುಂಡು ಕಳಚಿತು. ಅವಳು ಅದನ್ನು ಪಟ್ಟಿಯ ಕಡೆಗೆ ಕೊಟ್ಟಳು, ನಾಳೆ ಹೋಗುವ ಜಾಗ ಎಂದೇ ಸೇರಿಸಿ. ಕ್ಯಾಮೆರಾ ಮತ್ತೆ ಹಚ್ಚಿದಳು. ಪರದೆಯಲ್ಲಿ ಕಾಟಾ ಮೂಡಿತು. ಅದರ ಮೇಲೆ ಪಂಚೆ ಎತ್ತಿ ಹಿಡಿದು, ಫೋನು ಕಿವಿಗೊತ್ತಿಕೊಂಡು, ಫೋಟೋಕ್ಕೆ ನಿಂತವರ ಹಾಗೆ ನೆಟ್ಟಗೆ ನಿಂತ ಪಂಚಾಕ್ಷರಪ್ಪನವರು. ಅವಳಿಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು.

“ಬಂತು ಸರ್,” ಎಂದಳು. ಇನ್ನೊಮ್ಮೆ ಹೇಳಿದಳು. “ಬಂತು. ಇಳೀಬಹುದು.”

“ಬಂತಾ?” ಅವರು ಇಳಿಯಲಿಲ್ಲ. “ಎಲ್ಲಾ ನಡೀತಾ ಇದ್ದಂಗೇನೇ ಬಂತಾ?”

“ನಡೀತಾ ಇದ್ದಂಗೇನೇ ಸರ್.”

ಅವರು ಕ್ಯಾಮೆರಾದ ಕಡೆಗೆ, ಎಂದರೆ ಅವಳ ಕಡೆಗೆ, ತಲೆಯೆತ್ತಿ ಒಂದು ಕ್ಷಣ ನೋಡಿದರು. ಹಿಂದಿನಿಂದ ಪ್ರಿಂಟರು ಕಿರ್‍ರೆಂದು ಶುರುವಾದದ್ದು ಕೇಳಿಸಿತು. ನಿಲ್ಲದೆ ಹೊಡೆಯುತ್ತಿತ್ತು.

“ಅಮ್ಮ ಕಾವ್ಯ, ನನ್ನ ತೂಕ ಎಲ್ಲೂ ದಾಖಲಾಗಿಲ್ಲ ತಾನೆ?”

“ಈಗ ಆಗ್ತಾ ಇದೆ ಸರ್. ಬೇಗ ಇಳೀರಿ.”

ಹಲಗೆ ಮತ್ತೆ ಕಿರುಗುಟ್ಟಿತು. ಅವರ ಕಾಲು ನೆಲ ಮುಟ್ಟುವ ಮೊದಲೇ ಒಂದು ಚೀಲದ ಮೂಲೆ ಕಾಟಾದ ಮೇಲೆ ಬಿತ್ತು. ಫೋನು ಯಾರೂ ಇಟ್ಟಿರಲಿಲ್ಲ. ಮೂಕಪ್ಪ ಹೊಸದಾಗಿ ಎಣಿಕೆ ಶುರು ಮಾಡಿದ.

“ಲಾಭ.”